ಕಾಡಂಚಿನ ಹೊಲಕ್ಕೆ ಹೊಸ ಹುಳು ಬಂದರೆ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ತಂದೆಯವರು ಹನೂರು ತಾಲ್ಲೂಕಿನ ಕಾಡಂಚಿನ ಊರಿನಲ್ಲಿ ಮುಸುಕಿನ ಜೋಳ ಬೆಳೆಯುತ್ತಾರೆ. ಅಲ್ಲಿಗೆ ಅಧಿಕಾರಿಗಳು ಬರುವುದು ಅಪರೂಪ, ಮೊಬೈಲ್ ಸಿಗ್ನಲ್ಲೂ ಸರಿಯಾಗಿ ಸಿಗದು. ಹೊರಗಿನಿಂದ ಬರುವ ಕೀಟ, ಕಳೆಗಳನ್ನು ಅಂಥ ಕಡೆ ಬೇಗ ಗುರುತಿಸುವುದು ಹೇಗೆ?
– ಓದುಗರೊಬ್ಬರು, ಯಶವಂತಪುರ

ಉತ್ತರ: ಅಲ್ಲಿ ಮೊದಲು ಗುರುತಿಸಬಲ್ಲವರು ನಿಮ್ಮ ತಂದೆಯವರೇ. ಅಮೆರಿಕ ಖಂಡಗಳ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮುಸುಕಿನ ಜೋಳದಲ್ಲಿ. ಅದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದಾದ್ದರಿಂದ, ಮರುವರ್ಷದ ಹೊತ್ತಿಗೆ ದೇಶದ ಬಹುತೇಕ ಜೋಳದ ಸೀಮೆಗೆ ಹಬ್ಬಿತ್ತು. ಬೆಳಗಿನ ಹೊತ್ತು ಸುಳಿ ಬಿಡಿಸಿ ನೋಡಲು ಹೇಳಿ: ಒದ್ದೆ ಮರದ ಪುಡಿಯಂಥ ಹಿಕ್ಕೆ, ಅದರಡಿ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು ಮತ್ತು ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿರುವ ಹುಳು ಕಂಡರೆ ಅದು ಇದೇ.

ಗುರುತು ಸಿಗದ ಹುಳುವಾದರೆ ಇನ್ನೂ ಮುಖ್ಯ. ಖಚಿತವಾಗಲಿ ಎಂದು ಕಾಯಬೇಡಿ. ‘ಇದನ್ನು ಹಿಂದೆ ಕಂಡಿಲ್ಲ’ ಎಂಬ ಸಂಶಯವೊಂದೇ ತಿಳಿಸಲು ಸಾಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟು ತಿಗಣೆಯ ಹೆಸರು ಸರಿಯಾಗಿ ತಿಳಿದದ್ದರಿಂದಲೇ ಅದನ್ನೇ ತಿಂದು ಬದುಕುವ ಪರೋಪಜೀವಿ ಕಣಜದ ಹುಳುವನ್ನು 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ, ಬೆಂಗಳೂರಿನಲ್ಲಿ ಬೆಳೆಸಿ, ತೋಟಗಳಿಗೆ ಬಿಡಲು ಸಾಧ್ಯವಾಯಿತು. ಹೆಸರು ತಿಳಿಯುವ ಮೊದಲೇ ಸಿಕ್ಕ ಔಷಧಿ ಹೊಡೆಯುವುದು ನನಗೆ ತೀರ ಕಳವಳ ತರುವ ರೂಢಿ.

ಕಳೆಗಳಲ್ಲಿ ಲಾಂಟಾನ ಮಲೆ ಮಹದೇಶ್ವರ ಬೆಟ್ಟದ ಕಾಡನ್ನು ಆಗಲೇ ಆವರಿಸಿದೆ. ಅದು ಬಿಟ್ಟು, ದಾರಿಯ ಬದಿಯಲ್ಲೋ ಹಳ್ಳದ ದಂಡೆಯಲ್ಲೋ ಹೊಸ ಗಿಡ ಕಂಡರೆ ಹೂವಿರುವ ಕೊಂಬೆಯೊಂದನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿಡಲಿ; ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕೊಳೆಯುತ್ತದೆ.

ಫೋಟೋ ತೆಗೆಯಲು ಸಿಗ್ನಲ್ ಬೇಕಿಲ್ಲ. ಜೊತೆಗೆ ದಿನಾಂಕ, ಹೊಲದ ಗುರುತು, ಎಷ್ಟು ಗಿಡಗಳಲ್ಲಿ ಕಂಡಿತು ಎಂಬುದನ್ನು ಬರೆದಿಟ್ಟು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಬಹುದು. ಸಿಗ್ನಲ್ ಸಿಗುವ ಕಡೆಯಿಂದ ಕಿಸಾನ್ ಕಾಲ್ ಸೆಂಟರ್‌ಗೆ (1800-180-1551) ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಇಲ್ಲಿ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇರುವುದರಿಂದ ಮಾದರಿಯನ್ನು ನೀವೇ ಒಯ್ದು ವಿಚಾರಿಸಬಹುದು. ಆದರೆ ಹುಳುವನ್ನು ಜೀವಂತವಾಗಿ ಬಸ್ಸಿನಲ್ಲಿ ತರಬೇಡಿ. ಊರಿನಲ್ಲೇ ಬಿಸಿನೀರಿಗೆ ಹಾಕಿ ಸಾಯಿಸಿ, ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಿರಿಟ್ ತುಂಬಿದ ಸಣ್ಣ ಸೀಸೆಯಲ್ಲಿ ಭದ್ರವಾಗಿ ಮುಚ್ಚಿ ತನ್ನಿ.