ಮಾಸ್ಟರ್ ಅಂದ್ರೆ ಹಡಗಿನ ಮಾಲೀಕನಾ?

17ನೇ ಶತಮಾನದ ಇಂಗ್ಲಿಷ್ ಸರಕು ಹಡಗಿನ ಮಾಸ್ಟರ್, ಅಂದ್ರೆ ಕ್ಯಾಪ್ಟನ್, ಬರೀ ಸಂಬಳದವನಾ, ಇಲ್ಲ ಹಡಗೇ ಅವನದಾ ಅಂತ ಕೇಳಿದ್ದೀರಿ. ಎರಡೂ ಸ್ವಲ್ಪ ಸ್ವಲ್ಪ ನಿಜ. ಆಗ ಹಡಗನ್ನು 16 ಅಥವಾ 32 ಪಾಲು ಮಾಡಿ ಹಲವರು ಸೇರಿ ಕೊಳ್ಳುತ್ತಿದ್ದರು. ಎಷ್ಟೋ ಸಲ ಮಾಸ್ಟರ್‌ನದೂ ಒಂದು ಪಾಲು ಇರುತ್ತಿತ್ತು. ಅವನ ದುಡ್ಡೂ ಅದರಲ್ಲಿದ್ದರೆ ಹುಷಾರಾಗಿ ನಡೆಸ್ತಾನೆ, ಅಲ್ವಾ?

ಸಂಬಳ ತಿಂಗಳಿಗೆ ಸುಮಾರು 6 ಪೌಂಡ್. ಶಾಂತಿಕಾಲದಲ್ಲಿ ಮಾಮೂಲಿ ನಾವಿಕನಿಗೆ ಒಂದು ಪೌಂಡ್ ಚಿಲ್ಲರೆ ಅಷ್ಟೇ. ಮಾಸ್ಟರ್‌ಗೆ ನಿಜವಾದ ಆಸೆ ಇದ್ದದ್ದು ತನ್ನದೇ ಒಂದಿಷ್ಟು ಮಾಲನ್ನು ಅದೇ ಹಡಗಿನಲ್ಲಿ ತಂದು ಮಾರುವುದರಲ್ಲಿ. ಈಸ್ಟ್ ಇಂಡಿಯಾ ಕಂಪನಿಗಾಗಿ ಸೂರತ್, ನಮ್ಮ ಕಾರವಾರದ ಕಡೆ ಬರುತ್ತಿದ್ದವರಿಗಂತೂ ಇದು ಜಾಸ್ತಿ. ಕಾಳುಮೆಣಸಿನಂಥ ಸರಕನ್ನು ಕಂಪನಿ ತನಗೇ ಇಟ್ಟುಕೊಳ್ಳಲು ನೋಡಿತು, ಆದರೂ ಕದ್ದು ತರುವುದು ನಿಲ್ಲಲಿಲ್ಲ. ಹಡಗು ಮುಳುಗಿ ಸರಕು ಸಾಗಿಸಿದ್ದಕ್ಕೆ ಬರಬೇಕಾದ ಬಾಡಿಗೆ ಹೋಯ್ತೋ, ನಾವಿಕರ ಸಂಬಳವೂ ಹೋಯ್ತು. ಅದೇ ಆಗಿನ ನಿಯಮ.

ಕೆಲಸ ಅಂದ್ರೆ ಸುಮ್ನೆ ಹಡಗು ನಡೆಸೋದಲ್ಲ. ಸಮುದ್ರದಲ್ಲಿ ಸೂರ್ಯನ ಎತ್ತರ ನೋಡಿ ಅಕ್ಷಾಂಶ ಸಿಗುತ್ತಿತ್ತು, ರೇಖಾಂಶ ಮಾತ್ರ ಅಂದಾಜು. ಬಂದರಿಗೆ ಬಂದ ಮೇಲೆ ಸುಂಕ ಕಟ್ಟಬೇಕು, ಸರಕಿನ ರಸೀದಿಗೆ ಸಹಿ ಹಾಕಬೇಕು, ವಾಪಸ್ ಹೋಗುವಾಗ ಖಾಲಿ ಹೋಗದ ಹಾಗೆ ಯಾರದಾದರೂ ಮಾಲು ಹುಡುಕಬೇಕು, ಜೊತೆಗೆ ಕುಡಿದು ಬಿದ್ದಿರುವ ಹುಡುಗರನ್ನೂ ಎಳೆದು ತರಬೇಕು! ದೂರದ ಊರಲ್ಲಿ ಪಾಯಿಮರ (ಹಾಯಿ ಕಟ್ಟುವ ಕಂಬ) ಮುರಿದು ಕೈಯಲ್ಲಿ ಕಾಸಿಲ್ಲದಿದ್ದರೆ ಹಡಗನ್ನೇ ಅಡವಿಟ್ಟು ಸಾಲ ಎತ್ತುವ ಅಧಿಕಾರವೂ ಅವನಿಗಿತ್ತು. ಬಡ್ಡಿ ವಿಪರೀತ, ಯಾಕಂದ್ರೆ ಹಡಗು ಊರು ಮುಟ್ಟದೆ ಮುಳುಗಿದರೆ ಸಾಲ ಕೊಟ್ಟವನಿಗೆ ಏನೂ ವಾಪಸ್ ಬರುತ್ತಿರಲಿಲ್ಲ.