‘ಇದು ನಾಟಕವಲ್ಲಮ್ಮಾ’ ಎಂಬ ಮಾತಿನ ನಂತರ

(ಗುರುತು ಸಿಗದಿರಲೆಂದು ವಯಸ್ಸು, ಊರು, ಪಾತ್ರದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಆಕೆಗೆ 24 ವರ್ಷ. ಅಡಿಕೆ ತೋಟ ನಂಬಿದ ಮನೆತನದ ಹುಡುಗಿ. ರಂಗಶಾಲೆಯೊಂದರಲ್ಲಿ ವರ್ಷವಿಡೀ ಅಲ್ಲಿಯೇ ಉಳಿದು ಕಲಿತಿದ್ದಳು. ಆಮೇಲೆ ಎರಡು ವರ್ಷ ಊರೂರು ತಿರುಗುವ ತಂಡದಲ್ಲಿ ನಟಿಸಿದ್ದಳು. ಶಾಲೆಯ ಬಯಲು, ಕಲ್ಯಾಣಮಂಟಪ, ಎಲ್ಲಿ ರಂಗ ಕಟ್ಟಿದರೂ ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸಿದವಳು. ಬೆಂಗಳೂರಿಗೆ ಬಂದು ಒಂದು ಧಾರಾವಾಹಿಯಲ್ಲಿ ತಂಗಿಯ ಪಾತ್ರ ಸಿಕ್ಕಿ ಆರು ವಾರವಾಗಿತ್ತು. ಆಪ್ತಸಮಾಲೋಚನೆಗೆಂದು ನನ್ನ ಮುಂದೆ ಕುಳಿತಾಗ ಮೂರು ವಾರಗಳಿಂದ ಸರಿಯಾಗಿ ನಿದ್ದೆಯಿರಲಿಲ್ಲ, ಊಟ ಸೇರುತ್ತಿರಲಿಲ್ಲ, ‘ಆ್ಯಕ್ಷನ್’ ಎಂದ ಕೂಡಲೇ ಗಂಟಲು ಕಟ್ಟುತ್ತಿತ್ತು.

“ಮೇಡಂ, ದಿನವೂ ಒಂದೇ ಮಾತು. ಇದು ನಾಟಕವಲ್ಲಮ್ಮಾ, ಕಡಿಮೆ ಮಾಡು. ಮೊನ್ನೆ ಇಡೀ ಯೂನಿಟ್ಟಿನ ಎದುರು ಹೇಳಿದರು. ನಾನು ಕಲಿತದ್ದೆಲ್ಲ ದಂಡವಾಯಿತು ಅನ್ನಿಸುತ್ತದೆ.”

ಮೊದಲ ಭೇಟಿಯಲ್ಲಿ ನಾನು ಉದಾಹರಣೆಗಳನ್ನು ಕೊಟ್ಟೆ. ರಾಜ್‌ಕುಮಾರ್ ಮೊದಲ ಬಾರಿಗೆ ನಾಯಕರಾದ 1954ರ ‘ಬೇಡರ ಕಣ್ಣಪ್ಪ’ದಲ್ಲಿ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಇದ್ದರು. ಮೂವರೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದವರು. 1980ರಲ್ಲಿ ಹೆಗ್ಗೋಡಿನಲ್ಲಿ ಶುರುವಾದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತ ಅಚ್ಯುತ್ ಕುಮಾರ್ ಇಂದು ಪರದೆಯ ಮೇಲೆ ಎಷ್ಟು ಸಲೀಸಾಗಿದ್ದಾರೆ ನೋಡಿ ಎಂದೆ. ಆಕೆ ತಲೆಯಾಡಿಸಿದಳು, ಅಷ್ಟೇ. “ಅವರ ಮಾತು ಬೇರೆ ಮೇಡಂ.” ನೊಂದವರಿಗೆ ದೊಡ್ಡವರ ಹೆಸರು ಹೇಳಿದರೆ ನೋವು ಇನ್ನಷ್ಟು ಒಂಟಿಯಾಗುತ್ತದೆ ಎನ್ನುವುದು ನನಗೆ ಹೊಸದಲ್ಲ. ಆದರೂ ಹೇಳಿಬಿಟ್ಟಿದ್ದೆ.

ಎರಡನೆಯ ಭೇಟಿಯಲ್ಲಿ ಬೇರೆ ದಾರಿ ಹಿಡಿದೆ. ಬಯ್ಯಿಸಿಕೊಂಡ ಅದೇ ದೃಶ್ಯವನ್ನು ಮಾಡಿ ತೋರಿಸಿ ಎಂದೆ. ಅಣ್ಣ ತಡರಾತ್ರಿ ಮನೆಗೆ ಬರುತ್ತಾನೆ, ತಂಗಿ ಹೇಳಬೇಕಾದದ್ದು ಒಂದೇ ಸಾಲು: “ನೀನು ಬರುತ್ತೀಯೆಂದು ದೀಪ ಆರಿಸಿರಲಿಲ್ಲ.” ಮೊದಲು ರಂಗದ ಮೇಲೆ ಹೇಳುವ ಹಾಗೆ ಹೇಳಿದಳು. ಕೋಣೆ ತುಂಬಿತು, ಕಣ್ಣಲ್ಲಿ ಅಣ್ಣನಿದ್ದ. ಬಳಿಕ ‘ಕಡಿಮೆ’ ಮಾಡಿದಳು. ದನಿ ಇಳಿಯಿತು, ಕೈ ಮಡಿಲಿಗೆ ಬಂತು, ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತಿತು. ಕಣ್ಣು ಮಾತ್ರ ಖಾಲಿ. ಅಣ್ಣ ಎಲ್ಲೂ ಇರಲಿಲ್ಲ.

ತೊಡಕು ಅಲ್ಲಿತ್ತು. ದನಿಯನ್ನು ತಗ್ಗಿಸು ಎಂದರೆ ಆಕೆ ದೀಪವನ್ನೇ ಆರಿಸಿಬಿಡುತ್ತಿದ್ದಳು. ನಿರ್ದೇಶಕರಿಗೆ ಜೋರು ಮಾತು ಬೇಡವಾಗಿತ್ತು, ಒಳಗಿನ ಕಾಯುವಿಕೆ ಬೇಕಿತ್ತು. ಗದರಿದ ಭರದಲ್ಲಿ ಅವರು ಎರಡನ್ನೂ ಒಟ್ಟಿಗೆ ಹೊಸಕಿದ್ದರು. ಮೇಜಿನ ಮೇಲೆ ಚಹಾದ ಲೋಟವಿಟ್ಟು, “ಕೊನೆಯ ಸಾಲು ಎರಡು ಅಡಿ ದೂರದಲ್ಲಿದೆ ಎಂದುಕೊಳ್ಳಿ. ಉಸಿರು ಹೊಟ್ಟೆಯಿಂದಲೇ ಬರಲಿ, ಕಾಯುವುದು ಅಷ್ಟೇ ಇರಲಿ. ದೂರ ಮಾತ್ರ ಬದಲಾಗಲಿ” ಎಂದೆ. ಐದನೆಯ ಸಲಕ್ಕೆ, ಲೋಟದ ಅಂಚಿನ ಮೇಲೆ ಬೆರಳು ನಿಂತದ್ದನ್ನು ಬಿಟ್ಟರೆ ಆಕೆ ಏನೂ ‘ಮಾಡಲಿಲ್ಲ’. ನನಗೆ ಕಣ್ಣು ತೇವವಾಯಿತು. ಅದನ್ನು ಆಕೆಗೆ ಹೇಳಿದೆ ಕೂಡ.

ಇನ್ನೊಂದು ಸಂಗತಿಯನ್ನು ಆಕೆಯೇ ಬಿಡಿಸಿ ಹೇಳಿದಳು. ಧಾರಾವಾಹಿಯಲ್ಲಿ ಸಂಭಾಷಣೆ ಕೈಗೆ ಬರುವುದು ಬೆಳಿಗ್ಗೆ, ಚಿತ್ರೀಕರಣದ ಹೊತ್ತಿಗೆ. ಸಹಾಯಕ ನಿರ್ದೇಶಕ ಪಕ್ಕದಲ್ಲಿ ನಿಂತು ಸಾಲು ಓದಿಕೊಡುತ್ತಾನೆ, ನಟರು ಕೇಳಿಸಿಕೊಂಡು ಹೇಳುತ್ತಾರೆ. ಎದುರಿನವರ ಮಾತು ಮುಗಿದು ಅದು ತನಗೆ ತಾಗಿದ ಮೇಲೆ ಬಾಯಿ ತೆರೆಯಬೇಕೆಂದು ತಿಂಗಳುಗಟ್ಟಲೆ ತಾಲೀಮು ಮಾಡಿದವಳಿಗೆ ಇದು ಕಿವಿ ಕಿತ್ತುಕೊಂಡಂತೆ. ಅದು ಆಕೆಯ ದೌರ್ಬಲ್ಯವಲ್ಲ, ತರಬೇತಿಯ ಗುರುತು ಎಂದೆ. ಆದರೆ ಸೆಟ್ಟಿನ ರೂಢಿ ನಾಳೆ ಬದಲಾಗದು. ಹಾಗಾಗಿ ರೂಮಿನ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿ ಪತ್ರಿಕೆಯ ಸಾಲುಗಳನ್ನು ಓದಿಸಿ, ಕಣ್ಣನ್ನು ಮಾತ್ರ ಎದುರಿನ ಒಬ್ಬರ ಮುಖದಿಂದ ಕದಲಿಸದೆ ಹೇಳುವ ಅಭ್ಯಾಸ ಹಾಕಿಕೊಟ್ಟೆ, ದಿನಕ್ಕೆ ಹದಿನೈದು ನಿಮಿಷ.

ಬೆಳಿಗ್ಗೆ ಅಪ್ಪನ ಸಾವು, ಮಧ್ಯಾಹ್ನ ಅದೇ ಅಪ್ಪನೊಂದಿಗೆ ಹಬ್ಬದೂಟ. ಇದು ಚಿತ್ರೀಕರಣದ ದಿನಚರಿ. ರಂಗದ ಮೇಲೆ ಎರಡು ಗಂಟೆ ಒಂದೇ ಭಾವದ ಏರಿಳಿತದಲ್ಲಿ ಸಾಗಿದವರಿಗೆ ತಲೆ ತಿರುಗುತ್ತದೆ. ರಂಗಶಾಲೆಯಲ್ಲಿ ಪಾತ್ರದ ಬಗ್ಗೆ ನೋಟುಪುಸ್ತಕ ಬರೆಯುವ ರೂಢಿ ಆಕೆಗಿತ್ತು, ಬೆಂಗಳೂರಿಗೆ ಬಂದ ಮೇಲೆ ಬಿಟ್ಟಿದ್ದಳು. ಅದನ್ನು ಮತ್ತೆ ತೆಗೆಯಲು ಹೇಳಿದೆ. ಪ್ರತಿ ದೃಶ್ಯಕ್ಕೆ ಮೂರು ಸಾಲು ಸಾಕು: ಎಲ್ಲಿಂದ ಬಂದೆ, ಏನು ಬೇಕು, ಕೈಯಲ್ಲಿ ಏನಿತ್ತು. ಮೂರನೆಯದು ಕಂಟಿನ್ಯೂಟಿಗೂ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ವಿವರ ತಪ್ಪದಂತೆ ನೋಡಿಕೊಳ್ಳುವುದಕ್ಕೂ, ಆಗುತ್ತದೆ.

ಸೆಟ್ಟಿನಲ್ಲಿ ಕೇಳಲು ಒಂದು ಪ್ರಶ್ನೆಯನ್ನೂ ಕಲಿಸಿದೆ: “ಸರ್, ಫ್ರೇಮ್ ಎಲ್ಲಿಯವರೆಗೆ?” ಎದೆಯವರೆಗೆ ಎಂದು ಛಾಯಾಗ್ರಾಹಕರು ಹೇಳಿದರೆ ಕೈಯ ಚಿಂತೆ ಬಿಟ್ಟುಹೋಗುತ್ತದೆ. ಕಾಲೂ ಕಾಣುತ್ತದೆ ಎಂದರೆ ರಂಗದ ಮೇಲೆ ನಡೆದು ಕಲಿತದ್ದು ಕೆಲಸಕ್ಕೆ ಬರುತ್ತದೆ. ‘ಕಡಿಮೆ ಮಾಡು’ ಎಂಬುದು ಸೂಚನೆ, ಕೇಳಿ. ಹತ್ತು ಜನರ ಮುಂದೆ ಹೀಯಾಳಿಸುವುದು ಸೂಚನೆಯಲ್ಲ, ಅದನ್ನು ನುಂಗಬೇಕಿಲ್ಲ, ಬಿಡುವಿನಲ್ಲಿ ಒಬ್ಬರೇ ಹೋಗಿ ಮಾತಾಡಿ ಎಂದೆ. ಇದು ಸುಲಭವಲ್ಲ. ಹೊಸಬರಿಗೆ ಕೆಲಸ ಹೋಗುವ ಭಯ ನಿಜವಾದದ್ದು, ಅದನ್ನು ನಾನು ತಳ್ಳಿಹಾಕಲಿಲ್ಲ.

ನಿದ್ದೆಗಾಗಿ: ರಾತ್ರಿ ಮೊಬೈಲಿನಲ್ಲಿ ಧಾರಾವಾಹಿಯ ಕೆಳಗಿನ ಕಮೆಂಟುಗಳನ್ನು ಓದುವುದು ಬಂದ್, ಭಾನುವಾರ ಹವ್ಯಾಸಿ ತಂಡದ ತಾಲೀಮಿಗೆ ಹೋಗುವುದು, ಇನ್ನೆರಡು ವಾರದಲ್ಲಿ ನಿದ್ದೆ, ಹಸಿವು ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣುವುದು.

ನಾಲ್ಕನೆಯ ಭೇಟಿಗೆ ಬಂದಾಗ ಆಕೆ ಹೇಳಿದ್ದು ಹೀಗೆ. ಅಣ್ಣನ ಪಾತ್ರಧಾರಿ ತನ್ನ ಭಾಗ ಮುಗಿಸಿ ಹೋಗಿಬಿಟ್ಟಿದ್ದರು. ಆಕೆಯ ಕ್ಲೋಸಪ್‌ಗೆ ಎದುರಿಗಿದ್ದದ್ದು ಲೈಟಿನ ಸ್ಟ್ಯಾಂಡಿಗೆ ಅಂಟಿಸಿದ ಬಿಳಿ ಪಟ್ಟಿ. “ಪಟ್ಟಿ ನೋಡುತ್ತಾ ನಮ್ಮೂರಿನ ಬಾಗಿಲು ನೆನೆಸಿಕೊಂಡೆ ಮೇಡಂ. ಒಂದೇ ಟೇಕಿಗೆ ಓಕೆಯಾಯಿತು. ಯಾರೂ ಏನೂ ಹೇಳಲಿಲ್ಲ. ಲೈಟಿನ ಹುಡುಗ ಮಾತ್ರ ಸ್ಟ್ಯಾಂಡ್ ಎತ್ತುವ ಮೊದಲು ಒಂದು ಗಳಿಗೆ ನಿಂತಿದ್ದ.”

ಈಗ ರಾತ್ರಿ ಐದು ತಾಸು ನಿದ್ದೆ ಬರುತ್ತಿದೆ. ಮುಂದಿನ ಭೇಟಿ ಹದಿನೈದು ದಿನ ಬಿಟ್ಟು.