ಕೋವಿ ಕೊಟ್ಟು ಬೈಕ್ ಪಡೆದರೂ ಅದು ವರ್ಗಾವಣೆಯೇ

ಪರವಾನಗಿಯ ಕೋವಿಯನ್ನು ಪರಿಚಯದವರಿಗೆ ಕೊಟ್ಟು, ಬದಲಿಗೆ ಅವರ ಬೈಕ್ ಪಡೆಯಬಹುದೇ ಎಂದು ಕೇಳಿದ್ದೀರಿ. ದುಡ್ಡು ಕೈ ಬದಲಾಯಿಸದಿದ್ದರೆ ಮಾರಾಟವಲ್ಲ ಅನ್ನೋ ಲೆಕ್ಕದಲ್ಲೇ ಎಡವಟ್ಟಾಗಿದೆ. 1959ರ ಆಯುಧ ಕಾಯ್ದೆ ಮಾರಾಟದ ಜತೆಗೆ ವರ್ಗಾವಣೆಯನ್ನೂ ಹಿಡಿಯುತ್ತದೆ. ಬಾಡಿಗೆ, ಎರವಲು, ಉಚಿತವಾಗಿ ಕೊಡುವುದು ಎಲ್ಲವೂ ಅದರಲ್ಲಿ ಸೇರಿವೆ. ನಿಮ್ಮ 12 ಬೋರ್ ಕೋವಿಗೆ ಬದಲಾಗಿ ಪರಿಚಯದವರ ಬೈಕ್ ಪಡೆಯುವುದೂ ಅದೇ.

ಮೊದಲು ಅವರ ಪರವಾನಗಿ ಪುಸ್ತಕ ತೆರೆಸಿ ನೋಡಿ. ಅವಧಿ ಮುಗಿದಿರಬಾರದು, ಈ ಬಗೆಯ ಕೋವಿಗೆ ಅದರಲ್ಲಿ ಅನುಮತಿ ಇರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಸಾಮಾನ್ಯವಾಗಿ ಎರಡೇ ಬಂದೂಕು. ಅವರ ಬಳಿ ಈಗಾಗಲೇ ಎರಡಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಎಲ್ಲ ಸರಿಯಿದ್ದರೆ ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಿ. ಪಡೆಯುವವರ ಹೆಸರು, ವಿಳಾಸ ಕಡ್ಡಾಯ. ಕೋವಿಯ ಸಂಖ್ಯೆಯನ್ನು ಪುಸ್ತಕದಿಂದಲ್ಲ, ಲೋಹದ ಮೇಲಿರುವುದನ್ನೇ ಓದಿ ಬರೆಯಿರಿ. ಒಂದು ಅಂಕಿ ತಪ್ಪಿದರೂ ಕಡತ ವಾಪಸ್ ಬರುತ್ತದೆ. ಮೊಹರು, ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ಅಲ್ಲಿಂದ ಕನಿಷ್ಠ 45 ದಿನ ಕಳೆಯುವ ತನಕ ಕೋವಿ ನಿಮ್ಮ ಮನೆಯಿಂದ ಹೊರಹೋಗಬಾರದು, "ಎರಡು ದಿನ ಇಟ್ಟುಕೊಂಡಿರಿ" ಅನ್ನುವಂತೆಯೂ ಇಲ್ಲ. ಜತೆಗೆ ಇಡಬೇಕಾದ ಕಾಗದಗಳ ವಿಷಯದಲ್ಲಿ ಕಚೇರಿಯಿಂದ ಕಚೇರಿಗೆ ವ್ಯತ್ಯಾಸವಿದೆ, ಆಯುಧ ಪರವಾನಗಿ ವಿಭಾಗದಲ್ಲೇ ಪಟ್ಟಿ ಕೇಳಿ.

ಬೈಕನ್ನೂ ಅಲ್ಲಿಯವರೆಗೆ ಮುಟ್ಟಬೇಡಿ ಅನ್ನುವುದು ನನ್ನ ಸಲಹೆ. ಕೋವಿಯ ವರ್ಗಾವಣೆಗೆ ಅಡ್ಡಿ ಬಂದರೆ ನೀವು ಬೈಕ್ ಹಿಂತಿರುಗಿಸಬೇಕು, ಆಗಲೇ ಜಗಳ ಶುರು. ಬೈಕಿನ ಮಾಲೀಕತ್ವ ವರ್ಗಾವಣೆಗೆ ಆರ್‌ಟಿಒ ಕಚೇರಿಯ ನಮೂನೆ 29, 30 ಪ್ರತ್ಯೇಕವಾಗಿ ಸಲ್ಲಿಸಬೇಕು. ಹಸ್ತಾಂತರವಾದ ಕೂಡಲೇ ನಿಮ್ಮ ಪುಸ್ತಕದಲ್ಲಿ ಕೋವಿ ತೆಗೆಸಿ, ಅವರದರಲ್ಲಿ ಬರೆಸಿ.